ಫೋನಿನಲ್ಲಿದ್ದ ಇನ್ನೊಬ್ಬ ಆಲ್ಬನ್

ಹೆತ್ತೂರಿನ ನಮ್ಮ ಬ್ಯಾಂಕಿಗೆ ಈಗ ಬರುವವರು ಕಡಿಮೆ. ಎಸ್ಟೇಟ್ ಕೂಲಿ ನೇರ ಖಾತೆಗೆ ಬೀಳುತ್ತದೆ, ಪಾಸ್‌ಬುಕ್ಕನ್ನು ಯಂತ್ರವೇ ಮುದ್ರಿಸುತ್ತದೆ. ಶಾಖೆಗೆ ಒಳ್ಳೆಯ ಹೆಸರು ಬಂತು, ಮೇಲಧಿಕಾರಿಗಳು ಮ್ಯಾನೇಜರ್ ಮರೀನಾ ಮೇಡಂಗೆ ಶಾಲು ಹೊದಿಸಿದರು. ಇಪ್ಪತ್ತಾರು ವರ್ಷ ಕ್ಯಾಶ್ ಕೌಂಟರಿನಲ್ಲಿದ್ದ ಈ ಆಲ್ಬನ್‌ನನ್ನು, ಅಂದರೆ ನನ್ನನ್ನು, ಒಳಕೋಣೆಯ ಕಂಪ್ಯೂಟರ್ ಮುಂದೆ ಕೂರಿಸಿದರು. ಸುಳ್ಳೇಕೆ ಹೇಳಲಿ, ಕೂಲಿ ಬಟವಾಡೆಯ ಮರುದಿನ ಕೌಂಟರಿನಲ್ಲಿ ಆಗುತ್ತಿದ್ದ ಜನರ ಗಲಾಟೆ ಈಗಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಮೊನ್ನೆ ಎಸ್ಟೇಟ್ ಕೂಲಿಯವರ ಲೈನ್ ಮನೆಯ ಚೌಡಮ್ಮ ಫೋನ್ ಹಿಡಿದು ಓಡೋಡಿ ಬಂದರು. ಮಗಳ ನರ್ಸಿಂಗ್ ಓದಿಗೆ ಕೂಡಿಟ್ಟ ದುಡ್ಡೆಲ್ಲ ಅವರ ಖಾತೆಯಲ್ಲಿದೆ. ಅವರಿಗೆ ಓದಲು ಬಾರದು.

“ಅವ್ವಾ, ಮೆಸೇಜಲ್ಲಿ ನಂಬರ್ ಬಂದೈತೆ, ಓದ್ಕೊಡು. ಹೇಳ್ದಿದ್ರೆ ಖಾತೆ ಬಂದಾಯ್ತದಂತೆ,” ಎಂದರು ಕೌಂಟರಿನ ರಶ್ಮಿತಾಳಿಗೆ.

“ಯಾರು ಕೇಳ್ತಿರೋದು?”

“ಇನ್ಯಾರು, ನಮ್ ಆಲ್ಬನ್ ಸಾರು. ಫೋನಲ್ಲೇ ಅವ್ರೆ.”

ನಾನು ಒಳಗಿಂದ ಎದ್ದುಬಿದ್ದು ಬಂದೆ. “ಚೌಡಕ್ಕ, ನಾನು ಇಲ್ಲಿದ್ದೀನಿ ಕಣ್ರೀ!”

ಚೌಡಮ್ಮ ನನ್ನನ್ನೊಮ್ಮೆ, ಫೋನನ್ನೊಮ್ಮೆ ನೋಡಿದರು. ಆ ‘ಆಲ್ಬನ್’ ಇನ್ನೂ “ಬೇಗ ಹೇಳಿ” ಎನ್ನುತ್ತಿದ್ದ. ರಶ್ಮಿತಾ ಕರೆ ಕತ್ತರಿಸಿದಳು.

“ಅವನಿಗೆ ನನ್ನ ಹೆಸರು ಹೇಗೆ ಗೊತ್ತಾಯ್ತು?”

“ನಾನೇ ಕೇಳ್ದೆ, ಆಲ್ಬನ್ ಸಾರಾ ಅಂತ. ಹೂಂ ಅಂದ.”

“ದನಿ ಬೇರೆ ಅಂತ ತಿಳೀಲಿಲ್ವಾ?”

ಅವರು ಪಾಸ್‌ಬುಕ್ ಯಂತ್ರದ ಕಡೆ ಕೈ ತೋರಿಸಿದರು. “ನಿಮ್ ದನಿ ಕೇಳಿ ವರ್ಷ ಆಯ್ತು ಸಾರ್. ಇಲ್ಲಿ ಬಂದ್ರೆ ಮಿಷನ್ ತೋರುಸ್ತಾರೆ. ಅವ್ನು ಊಟ ಆಯ್ತಾ ಅಮ್ಮ ಅಂದ. ನೀವೇ ಅನ್ಕಂಬುಟ್ಟೆ.”

ನನಗೂ ಅವರೆಲ್ಲರ ದನಿ ಕೇಳದೆ ಬೇಸರವಾಗಿತ್ತು. ಅದನ್ನು ಅಲ್ಲೇ ಹೇಳಿಬಿಟ್ಟೆ.

“ಹಂಗಾರೆ ಈ ಫೋನೇ ಬ್ಯಾಡ ಬುಡಿ,” ಎಂದರು.

“ಫೋನ್ ಇರ್ಲಿ ಚೌಡಕ್ಕ. ಕೂಲಿ ಬಿದ್ದದ್ದು ಅದರಲ್ಲೇ ಗೊತ್ತಾಗೋದು. ಆ ನಂಬರ್‌ಗೆ ಒಟಿಪಿ ಅಂತಾರೆ, ಅದು ನಿಮ್ಮ ಖಾತೆಯ ಬೀಗದ ಕೈ. ಯಾರಿಗೂ ಹೇಳ್ಬೇಡಿ.”

“ನಿಮ್ಗೂವಾ?”

“ನನಗೂ ಹೇಳ್ಬೇಡಿ.”

ಚೌಡಮ್ಮ ನಕ್ಕರು. ಎಲ್ಲವನ್ನೂ ಕೇಳಿಸಿಕೊಂಡಿದ್ದ ಮರೀನಾ ಮೇಡಂ ಮರುದಿನವೇ ನನ್ನ ಕುರ್ಚಿಯನ್ನು ಬಾಗಿಲ ಬಳಿಗೆ ತರಿಸಿದರು. ದಿನಾ ಬೆಳಿಗ್ಗೆ ಎರಡು ತಾಸು ಬಂದವರ ಜೊತೆ ಮಾತನಾಡುವುದೇ ಈಗ ನನ್ನ ಕೆಲಸ.

ಬಂಧುಗಳೇ, ಬ್ಯಾಂಕಿನವರು ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಕೇಳಿದವನ ಮಾತು ಎಷ್ಟೇ ಸಿಹಿಯಾಗಿರಲಿ, ಫೋನ್ ಇಟ್ಟುಬಿಡಿ. ಮೋಸ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಓದಲು ಬಾರದಿದ್ದರೆ ನಾಚಿಕೆ ಬೇಡ, ಬ್ಯಾಂಕಿಗೇ ಬನ್ನಿ. ನಿಮ್ಮ ದಾರಿ ಕಾಯುವವರು ಇಲ್ಲಿ ಇನ್ನೂ ಇದ್ದೇವೆ.