ರಾಮಕ್ಕನ ಹಸೆ ಪದ

ಬಾಗಲೂರಿನ ಸುತ್ತಮುತ್ತ ಹೆಣ್ಣು ಹಸೆಮಣೆ ಏರಬೇಕಾದರೆ ರಾಮಕ್ಕನ ಪದ ಆಗಲೇಬೇಕಿತ್ತು. ಪುರೋಹಿತರು ತಡವಾದರೂ ನಡೆಯುತ್ತಿತ್ತು, ರಾಮಕ್ಕ ಹಾಡಿ ಕರೆಯದೆ ಮದುಮಗಳು ಎದ್ದು ಬರುತ್ತಿರಲಿಲ್ಲ. ಅಂಥವಳ ಸ್ವಂತ ಮಗಳು ಗಂಗರತ್ನಳ ಮದುವೆಗೆ ಚಪ್ಪರ ಏಳುವ ಹೊತ್ತಿಗೆ, ರಾಮಕ್ಕನಿಗೆ ಲಕ್ವ ಹೊಡೆದು, ಬಲಗೈ ಬಿದ್ದು, ಮಾತೇ ನಿಂತುಹೋಗಿತ್ತು.

ಅವಳ ತಮ್ಮ ಶ್ಯಾಮಣ್ಣ ಮಾತ್ರ ಧೈರ್ಯವಾಗಿದ್ದ. ತಾಯಿ ಇಲ್ಲದ ಅವನನ್ನು ಸಾಕಿ ಬೆಳೆಸಿದವಳು ಈ ಅಕ್ಕ. ಹೊಸೂರಿನ ಕಾರ್ಖಾನೆ ಸೇರಿದ ಹೊಸದರಲ್ಲಿ, ಬೋನಸ್ ಬಂದದ್ದೇ ತಡ, ಅವನು ಕೃಷ್ಣಗಿರಿಗೆ ಹೋಗಿ ಟೇಪ್ ರೆಕಾರ್ಡರ್ ತಂದಿದ್ದ. ಎಂಥ ದಿನಗಳು ಅವು! ಸಂಜೆಯಾದರೆ ಜಗಲಿ ತುಂಬ ಜನ, ಒಳಗೆ ಹೆಂಡತಿ ಅಂಜಿನಮ್ಮನಿಗೆ ಕಾಫಿ ಕಾಯಿಸಿ ಕಾಯಿಸಿ ಸಾಕಾಗುತ್ತಿತ್ತು. ಆಗಲೇ ಅಕ್ಕನ ಹಸೆ ಪದವನ್ನು ಅವನು ಒಂದು ಕ್ಯಾಸೆಟ್ಟಿಗೆ ಹಿಡಿದಿಟ್ಟಿದ್ದ. ಅವಳ ಮಾತು ನಿಂತ ಮೇಲೆ ಯಾರಿಗೂ ಟೇಪ್ ಹಾಕುವ ಮನಸ್ಸಾಗದೆ, ಯಂತ್ರ ಟವಲು ಹೊದ್ದು ಅಟ್ಟದ ಮೇಲೆ ಕೂತಿತ್ತು.

"ನಿಮ್ಮಮ್ಮನ ಪದ ಇಲ್ದೆ ನಿನ್ನ ಹಸೆಗೆ ಕೂರ್ಸಾಕಿಲ್ಲ ಕಣಮ್ಮಿ," ಎಂದು ಶ್ಯಾಮಣ್ಣ ಗಂಗರತ್ನಳಿಗೆ ಮಾತು ಕೊಟ್ಟಿದ್ದ.

ಅರಿಶಿನದ ದಿನ ಬೆಳಿಗ್ಗೆ ಟೇಪ್ ಹಾಕಿದರೆ, ಕಂಬಳಿಯೊಳಗಿಂದ ಯಾರೋ ಗೊಣಗಿದಂತೆ ಸದ್ದು. ಗೋಡೆಗೆ ಒರಗಿ ಕೂತಿದ್ದ ರಾಮಕ್ಕ ಮುಖ ಆಚೆ ತಿರುಗಿಸಿದಳು.

ಶ್ಯಾಮಣ್ಣ ಬ್ಯಾಟರಿಗಳನ್ನು ಬಿಸಿಲಿಗಿಟ್ಟ. ಆಗಲಿಲ್ಲ. ಹೊಸವನ್ನೇ ಹಾಕಿದ, ಅದೇ ಗೊಣಗು. ಪೆನ್ಸಿಲ್ ತೂರಿಸಿ ಕ್ಯಾಸೆಟ್ಟನ್ನು ಬಿಗಿಯಾಗಿ ಸುತ್ತಿದ. ಕೊನೆಗೆ ಮನೆಯಲ್ಲಿದ್ದ ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿ ನೋಡಿದರೆ ಅದೂ ಗೊಣಗಿತು. ಆಗ ಅವನಿಗೆ ಹೋದ ಜೀವ ಅರ್ಧ ಬಂದಂತಾಯಿತು. ಅಕ್ಕನ ದನಿ ಕೆಟ್ಟಿಲ್ಲ, ಕೆಟ್ಟಿರುವುದು ಯಂತ್ರ.

ಮುಚ್ಚಳ ತೆಗೆದು, ಕ್ಯಾಸೆಟ್ ಇಲ್ಲದೆ ಗುಂಡಿ ಒತ್ತಿದ. ಟೇಪು ಸವರಿಕೊಂಡು ಹೋಗುವ ಪುಟ್ಟ ಹೆಡ್ಡು ಮುಂದೆ ಬಂತು. ಅದರ ಹಣೆಯ ಮೇಲೆ, ಒಣಗಿ ಗಟ್ಟಿಯಾದ ಅರಿಶಿನ ಕುಂಕುಮದ ಬೊಟ್ಟು!

"ಯಾವ ಪುಣ್ಯಾತ್ಮರು ಇದು ಮಾಡಿದ್ದು?" ಎಂದು ಕೂಗಾಡಿದ.

ಅಂಜಿನಮ್ಮ ದನಿ ತಗ್ಗಿಸಿದಳು. "ಹೋದ ಆಯುಧ ಪೂಜೆಗೆ ಅಟ್ಟದಿಂದ ಇಳ್ಸಿದ್ವಲ್ಲ, ಆಗ ನಿಮ್ಮಕ್ಕಾನೇ ಇಟ್ಟಿದ್ದು. ನಾವೆಲ್ಲ ಮೇಲ್ಗಡೆ ಬೊಟ್ಟಿಟ್ವಿ. ಅವ್ರು ಮುಚ್ಳ ತೆಗ್ಸಿ, ಎಡಗೈನಾಗೆ ಒಳಕ್ಕೇ ಇಟ್ರು. ಬ್ಯಾಡ ಅನ್ನಾಕೆ ನಂಗೆ ಬಾಯಿ ಬರ್ನಿಲ್ಲ."

ಶ್ಯಾಮಣ್ಣನ ಸಿಟ್ಟು ಜರ್ರನೆ ಇಳಿಯಿತು. ಅಕ್ಕನ ಇಂಜೆಕ್ಷನ್ನಿಗೆಂದು ತಂದಿಟ್ಟಿದ್ದ ಸ್ಪಿರಿಟ್ಟಿನಲ್ಲಿ ದೀಪದ ಬತ್ತಿ ಅದ್ದಿ, ಆ ಬೊಟ್ಟನ್ನು ಮೆಲ್ಲಗೆ ಒರೆಸಿದ. ಒರೆಸಲು ಅವನಿಗೆ ಸಂಕಟವೇ ಆಯಿತು.

ಹಸೆಗೆ ಕರೆಯುವ ಹೊತ್ತಿಗೆ ಅಕ್ಕನ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಚಪ್ಪರದ ತುಂಬ ರಾಮಕ್ಕನ ದನಿ, ಗಟ್ಟಿಯಾಗಿ, ಹೆಮ್ಮೆಯಿಂದ, ಮದುಮಗಳನ್ನು ಹಸೆಗೆ ಕರೆಯಿತು. ಗಂಗರತ್ನ ಅಳುತ್ತಲೇ ಎದ್ದು ಬಂದು ಕೂತಳು. ಹೆಂಗಸರು ಸೊಲ್ಲಿಗೆ ಸೊಲ್ಲು ಸೇರಿಸಿದರು. ರಾಮಕ್ಕ ಈಗ ಮುಖ ತಿರುಗಿಸಲಿಲ್ಲ. ಎಡಗೈಯಲ್ಲಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು.

ಪದ ಮುಗಿಯಿತು. ಶ್ಯಾಮಣ್ಣ ಕಣ್ಣೊರೆಸಿಕೊಳ್ಳುತ್ತ ಟೇಪ್ ನಿಲ್ಲಿಸುವುದನ್ನು ಮರೆತ. ಪೆಟ್ಟಿಗೆಯೊಳಗಿಂದ ಅದೇ ದನಿ ಗದರಿತು:

"ಲೋ ಶ್ಯಾಮಾ, ಸಾಕು ನಿಲ್ಸ್ಲಾ. ಗಂಟ್ಲು ಒಣಗೋಯ್ತು, ಒಸಿ ನೀರು ತತ್ತಾ."

ಎಷ್ಟು ದಿನವಾಗಿತ್ತೋ ಅವನನ್ನು ಯಾರಾದರೂ ಹಾಗೆ ಕರೆದು! ಶ್ಯಾಮಣ್ಣ "ಈಗ ತಂದೆ ಕಣಕ್ಕಾ" ಎಂದು ಎದ್ದೇಬಿಟ್ಟ. ನಡುಮನೆ ತಲುಪಿದ ಮೇಲೆಯೇ ತಾನು ಏನು ಮಾಡುತ್ತಿದ್ದೇನೆಂದು ಗೊತ್ತಾದದ್ದು. ಆದರೂ ಹಿಂದಕ್ಕೆ ಬರಲಿಲ್ಲ. ಚೊಂಬಿನಲ್ಲಿ ನೀರು ತುಂಬಿಸಿಕೊಂಡು ಬಂದು ಅಕ್ಕನ ಮುಂದೆ ಮಂಡಿಯೂರಿ, ತುಟಿಗೆ ಹಿಡಿದ. ರಾಮಕ್ಕ ಕುಡಿದಳು.