ಕಂಬ ಹಿಡಿದವರು

“ತುಕ್ಕು ಕಣೇ ಇದು. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ,” ಎನ್ನುತ್ತ ಅತ್ತಿಗೆ ಒದ್ದೆ ಬಟ್ಟೆಯಿಂದ ತನ್ನ ಸತ್ತ ತಮ್ಮನ ಅಂಗೈಯನ್ನು ಇನ್ನಷ್ಟು ತಿಕ್ಕಿದಳು. “ಎರಡು ಕೈಗೂ ಹತ್ತಿದೆ. ಏನನ್ನ ಹಿಡ್ಕೊಂಡಿದ್ದ ಇವನು? ಆ ಸುಡುಬಿಸಿಲಲ್ಲಿ ಮಾಳಿಗೆ ಮೇಲೆ ಏನಿತ್ತು ಕೆಲಸ?”

ಪಕ್ಕದಲ್ಲಿ ಅವನ ಹೆಂಡತಿ ಕೂತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ತನ್ನ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

“ಗೊತ್ತಿಲ್ಲ ಅತ್ತಿಗೆ. ನಾನು ಅಡುಗೆಮನೇಲಿದ್ದೆ.”

ನಿನ್ನೆಯಿಂದ ಇದೇ ಮಾತು. ಡಾಕ್ಟರಿಗೂ ಇದನ್ನೇ ಹೇಳಿದ್ದಳು. ಅವರು “ಹೃದಯ ನಿಂತಿದೆ” ಎಂದು ಬರೆದುಕೊಟ್ಟು ಹೋಗಿದ್ದರು, ಮತ್ತೇನೂ ಕೇಳಿರಲಿಲ್ಲ. ಆದರೆ ಅತ್ತಿಗೆ ಡಾಕ್ಟರಲ್ಲವಲ್ಲ! ಹಿಡಿದರೆ ಬಿಡುವ ಹೆಂಗಸಲ್ಲ ಅವಳು.

ಬಸ್ ಡಿಪೋದ ಹಳೆಯ ಡ್ರೈವರುಗಳಿಬ್ಬರು ಬಾಗಿಲ ಬಳಿ ನಿಂತಿದ್ದರು.

“ಮೂವತ್ತೊಂದು ವರ್ಷ ಬಸ್ ಓಡಿಸ್ದ. ಒಂದು ಕೋಳೀನೂ ಸಾಯಿಸ್ಲಿಲ್ಲ ಮಾರಾಯ.”

“ಕೇಬಲ್ ಹಾಕಿಸ್ಕೊಳ್ಳೋ ಅಂದ್ರೆ, ಊರಿನ ಚಾನೆಲ್ಲು ಗಾಳೀಲಿ ಬಿಟ್ಟಿ ಬರುವಾಗ ನಾನ್ಯಾಕೆ ದುಡ್ಡು ಕೊಡ್ಲಿ ಅನ್ನೋನು. ಬಸ್ಸಿನ ಹಳೇ ಪೈಪು ತಂದು ಆಂಟೆನಾ ಕಟ್ಟಿದ ನೋಡು!”

ಇಬ್ಬರೂ ಮೆಲ್ಲಗೆ ನಕ್ಕರು. ಇವಳು ಮಾತ್ರ ತಲೆ ತಗ್ಗಿಸಿ ಕಿವಿಗೊಟ್ಟಳು. ಮಾತು ಆಂಟೆನಾದವರೆಗೆ ಬಂದಾಯಿತು, ಇನ್ನೊಂದು ಹೆಜ್ಜೆ ಅಷ್ಟೇ.

ಕೆಳಗಿನ ಮನೆಯ ಟೈಲರಮ್ಮ ಬಂದು ಅವಳ ಭುಜ ಹಿಡಿದಳು. “ನಿನ್ನೆ ನೀವು ಕೂಗಿದ್ದು ಕೇಳಿಸ್ತು ಅಕ್ಕಾ. ಪಾಪ, ಅವ್ರು ಬಿದ್ದ ಸದ್ದಿಗೆ ಹೆದರಿ ಕೂಗಿದ್ರೇನೋ ಅಂದ್ಕೊಂಡೆ.”

ಅಂದುಕೊಂಡಳಂತೆ! ಮಾತು ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ಹೀಗಂದಳೋ? ಅವಳು ಸುಮ್ಮನೆ ತಲೆಯಾಡಿಸಿದಳು.

* * *

ಗಾಳಿಗೆ ಆಂಟೆನಾದ ಕಂಬ ವಾಲಿ ವಾರದಿಂದ ಟಿವಿ ತುಂಬ ಬರೀ ಚುಕ್ಕಿ. ನಿನ್ನೆ ಮಧ್ಯಾಹ್ನ ಊರಿನ ಚಾನೆಲ್ಲಿನಲ್ಲಿ ಹಾಡಿನ ಸ್ಪರ್ಧೆಯ ಕೊನೆಯ ಸುತ್ತು. “ಸರಿಮಾಡ್ತೀನಿ ತಾಳು,” ಎಂದು ಗಂಡ ಮೇಲೆ ಹತ್ತಿದ. ಅವನು ಕಂಬ ತಿರುಗಿಸುವುದು, ಇವಳು ಕಿಟಕಿಯಿಂದ ‘ಬಂತು’, ‘ಹೋಯ್ತು’ ಎಂದು ಕೂಗುವುದು, ಇದು ಮದುವೆಯಷ್ಟೇ ಹಳೆಯ ಪದ್ಧತಿ. ಆದರೆ ಆ ಹಾಳು ಕಂಬದ್ದೊಂದು ಚಾಳಿ. ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ಚಿತ್ರ ಕನ್ನಡಿಯ ಹಾಗೆ ನಿಲ್ಲುತ್ತಿತ್ತು, ಬಿಟ್ಟರೆ ಮತ್ತೆ ಚುಕ್ಕಿ.

“ಬಂತು ರೀ! ಹಾಗೇ ಹಿಡ್ಕೊಂಡಿರಿ!”

“ಎಷ್ಟೊತ್ತೇ?”

“ಇದೊಂದು ಹಾಡು!”

ಒಂದು ಹಾಡು ಮೂರಾಯಿತು.

“ಬಿಸಿಲು ಕಣೇ,” ಎಂದ ಮೇಲಿನಿಂದ.

“ಮೂವತ್ತೊಂದು ವರ್ಷ ಸ್ಟೀರಿಂಗ್ ಹಿಡಿದೋರಿಗೆ ಇದೊಂದು ಭಾರಾನಾ?”

ಅವನು ನಕ್ಕಿದ್ದು ಕೇಳಿಸಿತು. ಗೆದ್ದವರ ಹೆಸರು ಹೇಳಲು ತೀರ್ಪುಗಾರ ಬಾಯಿ ತೆರೆದ. ಅಷ್ಟರಲ್ಲಿ ಟಿವಿ ಸೊರ್ರೆಂದು ಚುಕ್ಕಿಯಾಯಿತು.

“ಥೂ! ಯಾಕ್ರೀ ಬಿಟ್ರಿ? ಒಂದು ನಿಮಿಷ ಹಿಡ್ಕೊಳ್ಳೋಕಾಗಲ್ವಾ ನಿಮ್ಮ ಕೈಲಿ?”

ಉತ್ತರ ಬರಲಿಲ್ಲ. ಮುನಿಸಿಕೊಂಡಿದ್ದಾನೆ ಎಂದುಕೊಂಡು ಇವಳೂ ಬಿಂಕ ಬಿಡಲಿಲ್ಲ. ಹತ್ತು ನಿಮಿಷ ಕುರ್ಚಿಯಿಂದ ಏಳಲೇ ಇಲ್ಲ.

* * *

ಮಣ್ಣು ಮಾಡಿ ಬರುವಷ್ಟರಲ್ಲಿ ಸಂಜೆ ಆರಾಗುತ್ತ ಬಂದಿತ್ತು.

“ಊರಿನ ಚಾನೆಲ್ಲಲ್ಲಿ ತೀರಿಕೊಂಡವರ ಫೋಟೋ ಈಗ ತೋರಿಸ್ತಾರೆ. ಡಿಪೋದವರು ಇವನದ್ದೂ ಕೊಟ್ಟಿದ್ದಾರಂತೆ. ಟಿವಿ ಹಾಕೇ,” ಎಂದಳು ಅತ್ತಿಗೆ.

ಹಾಕಿದರೆ ಬರೀ ಚುಕ್ಕಿ. ಅತ್ತಿಗೆಯ ಗಂಡ ಮೊಣಕಾಲು ಹಿಡಿದುಕೊಂಡು ಎದ್ದರು. “ನಾನು ಹೋಗಿ ಕಂಬ ಹಿಡ್ಕೋತೀನಿ. ಬಂದ್ರೆ ಕೂಗಿ.”

“ಹೋಗ್ಬೇಡಿ!”

ಎಲ್ಲರೂ ತಿರುಗಿ ನೋಡಿದರು. ಅವಳು ಮೆಟ್ಟಿಲಿಗೆ ಅಡ್ಡ ನಿಂತಿದ್ದಳು.

“ನಾನೇ ಹಿಡ್ಕೊಳ್ಳಿ ಅಂದೆ ಅತ್ತಿಗೆ. ನಾನು ಅಡುಗೆಮನೇಲಿರ್ಲಿಲ್ಲ. ಇಲ್ಲೇ ಕೂತು ಹಾಡು ನೋಡ್ತಿದ್ದೆ. ಬಿಸಿಲು ಅಂದ್ರು, ಕೇಳಲಿಲ್ಲ. ಚಿತ್ರ ಹೋದಾಗ ಬೈದೆ. ಬೈದುಬಿಟ್ಟೆ ಅತ್ತಿಗೆ.”

ಅತ್ತಿಗೆ ಬಾಯಿ ತೆರೆಯಲಿಲ್ಲ. ಬೈದಿದ್ದರೆ, ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳಬಹುದಿತ್ತು. ಆ ಮೌನಕ್ಕೆ ಹೆದರಿ ಅವಳೇ ಮಾಳಿಗೆ ಹತ್ತಿದಳು.

ಕಂಬ ಇನ್ನೂ ಬೆಚ್ಚಗಿತ್ತು. ಎರಡೂ ಕೈಯಿಂದ ಹಿಡಿದು ತಿರುಗಿಸಿದಳು. “ಬಂತು!” ಎಂದು ಕೆಳಗಿನಿಂದ ಯಾರೋ ಕೂಗಿದರು. ಅರ್ಧ ಹಾಡಿನಷ್ಟು ಹೊತ್ತೂ ಆಗಿರಲಿಲ್ಲ, ತೋಳು ಸೋತು ಹೆಗಲು ಉರಿಯತೊಡಗಿತು. ಕೆಳಗೆ ಟಿವಿಯವನು ಅವಳ ಗಂಡನ ಹೆಸರು, ವಯಸ್ಸು, ಬಸ್ಸಿನ ದಾರಿ ಓದುತ್ತಿದ್ದ. ಯಾರೋ ಬಿಕ್ಕಿದರು. ಅವಳಿಗೆ ಫೋಟೋ ಕಾಣುವಂತಿರಲಿಲ್ಲ.

“ಮುಗೀತು ಕಣೇ, ಬಿಡು.” ಅತ್ತಿಗೆ ಏದುಸಿರು ಬಿಡುತ್ತ ಮೇಲೆ ಬಂದು ನಿಂತಿದ್ದಳು.

ಅವಳು ಬಿಡಲಿಲ್ಲ. ಅತ್ತಿಗೆ ಹತ್ತಿರ ಬಂದು ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಆ ಹಿಡಿತದಲ್ಲಿ ಇದ್ದದ್ದು ಸಿಟ್ಟೋ ಕನಿಕರವೋ ಅವಳಿಗೆ ತಿಳಿಯಲಿಲ್ಲ, ಕತ್ತೆತ್ತಿ ಮುಖ ನೋಡುವ ಧೈರ್ಯವೂ ಬರಲಿಲ್ಲ. ಕೊನೆಯ ಬೆರಳು ಬಿಟ್ಟಿತು.

ಕೆಳಗೆ ಟಿವಿ ಸೊರ್ರೆಂದಿತು. ಅವಳು ಬೆಚ್ಚಿಬಿದ್ದು ಮತ್ತೆ ಕಂಬ ಹಿಡಿದಳು.