ಮೂರೇ ದಿನಕ್ಕೆ ವಾಸಿಯಾದ ಗಂಗಾಲಕ್ಷ್ಮಿ

ಮಾಸ್ತಿಯ ಹತ್ತಿರದ ಒಂದು ಊರಿನ ಹಾಲಿನ ಡೈರಿಗೆ ಗಂಗಾಲಕ್ಷ್ಮಿ ಕಾರ್ಯದರ್ಶಿ. ಊರವರ ಬಾಯಲ್ಲಿ ಸೆಕ್ರೆಟ್ರಮ್ಮ. ಕೆಚ್ಚಲು ಬಾವು ಬಂದ ಹಸುವಿಗೆ ಎರಡು ದಿನ ಇಂಜೆಕ್ಷನ್ ಹಾಕಿಸಿ, ಬಾವು ಇಳಿಯಿತೆಂದು ನಿಲ್ಲಿಸಿಬಿಡುವವರನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. "ಡಾಕ್ಟ್ರು ಹೇಳಿದಷ್ಟು ದಿನ ಹಾಕಿಸ್ಬೇಕು. ನಿಮ್ಮಿಷ್ಟಕ್ಕೆ ನಿಲ್ಸೋಕೆ ನೀವೇನು ಡಾಕ್ಟ್ರಾ?" ಎಂದು ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ ಜಾಡಿಸುತ್ತಿದ್ದಳು.

ಅಂಥವಳಿಗೇ ಒಂದು ಬೆಳಿಗ್ಗೆ ಹಾಲು ಅಳೆಯುತ್ತಿರುವಾಗ ಚಳಿ ಹತ್ತಿತು. ಬಲಗಡೆ ಪಕ್ಕೆಯ ಹಿಂದೆ ಗುದ್ದಿದಂಥ ನೋವು, ಉರಿಮೂತ್ರ, ಮಧ್ಯಾಹ್ನದ ಹೊತ್ತಿಗೆ ಕೆಂಡದಂಥ ಜ್ವರ. ಗಂಡ ಕದಿರೇಶ ಮಾಲೂರಿಗೆ ಕರೆದೊಯ್ದ. ಅಲ್ಲಿನ ವೈದ್ಯರು ಕಿಡ್ನಿಗೆ ಸೋಂಕು ತಗುಲಿದೆಯೆಂದು ಏಳು ದಿನದ ಮಾತ್ರೆ ಬರೆದುಕೊಟ್ಟರು.

ಮೂರನೆಯ ದಿನಕ್ಕೆ ಜ್ವರ ಬಿಟ್ಟಿತು. ನೋವೂ ಇಲ್ಲ. ಆದರೆ ಮಾತ್ರೆ ನುಂಗಿದರೆ ಹೊಟ್ಟೆ ತೊಳೆಸಿದಂತಾಗಿ, ಮುದ್ದೆ ಮುರಿಯಲೂ ಮನಸ್ಸಾಗುತ್ತಿರಲಿಲ್ಲ. ತನ್ನ ಮೈ ಗಟ್ಟಿ, ಬೇರೆಯವರಿಗೆ ಏಳು ದಿನ ಬೇಕಾದದ್ದು ತನಗೆ ಮೂರಕ್ಕೇ ಮುಗಿಯಿತು ಎಂದು ತೀರ್ಮಾನಿಸಿ ಮಾತ್ರೆ ಎತ್ತಿಟ್ಟಳು. ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಟೊಮ್ಯಾಟೊ ಬಾಕ್ಸ್ ಹೊತ್ತು ಸೊಂಟ ಹಿಡಿದುಕೊಂಡು ಬಂದ ಕದಿರೇಶನಿಗೆ, "ನಂಗೂ ಬೆನ್ನುನೋವೇ ಇದ್ದಿದ್ದು ಕಣ್ರೀ. ಇದನ್ನ ನುಂಗಿ, ಸರಿಹೋಗುತ್ತೆ" ಎಂದು ಉಳಿದದ್ದರಲ್ಲಿ ಎರಡು ಮಾತ್ರೆ ದಾನ ಬೇರೆ ಮಾಡಿದಳು. ಅವನು ಪಾಪ, ಹೆಂಡತಿಯ ಮಾತೆಂದು ನುಂಗಿದ.

ಮುಂದಿನ ವಾರ ಮಾಲೂರಿನಲ್ಲಿ ಡೈರಿ ಕಾರ್ಯದರ್ಶಿಗಳ ಸಭೆ. ಹಸುಗಳ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎನ್ನುವ ವಿಷಯದ ಮೇಲೆ ಗಂಗಾಲಕ್ಷ್ಮಿಯದೇ ಭಾಷಣ. ರೇಷ್ಮೆ ಸೀರೆ ಉಟ್ಟು ಮೈಕಿನ ಮುಂದೆ ನಿಂತಳು. "ಬಾವು ಇಳೀತು ಅಂದ್ರೆ ರೋಗ ಹೋಯ್ತು ಅಂತಲ್ಲ. ಒಳಗೆ ಉಳಿದ ಕ್ರಿಮಿ ಮತ್ತೆ ತಲೆ ಎತ್ತುತ್ತೆ" ಎಂದಳು. ಎನ್ನುತ್ತಿದ್ದಂತೆ ಬೆನ್ನಿನಲ್ಲಿ ಛಳಕು ಹೊಡೆಯಿತು. ಹಲ್ಲು ಕಟಕಟ ಎನ್ನತೊಡಗಿತು. ಮೈಕು ಆ ಸದ್ದನ್ನು ಸಭೆಗೆಲ್ಲ ಕೇಳಿಸಿತು. ಮುಂದಿನ ಸಾಲಿನಲ್ಲಿದ್ದ ಪಕ್ಕದೂರಿನ ಕಾರ್ಯದರ್ಶಿ ದೊಡ್ಡಮುನಿಯಪ್ಪ ಅದನ್ನು ಭಾವಾವೇಶವೆಂದು ತಿಳಿದು ಚಪ್ಪಾಳೆ ತಟ್ಟಿದ. ಉಳಿದವರೂ ತಟ್ಟಿದರು. ಆ ಚಪ್ಪಾಳೆಯ ನಡುವೆಯೇ ಆಕೆ ಕುರ್ಚಿಯೊಂದರ ಮೇಲೆ ಕುಸಿದಳು. ಕಣ್ಣು ಕತ್ತಲೆ ಬರುತ್ತಿದ್ದರೂ ತಾನು ಆಡಿದ ಕೊನೆಯ ಮಾತು ಮಾತ್ರ ತಲೆಯಲ್ಲಿ ನಿಚ್ಚಳವಾಗಿತ್ತು. ನನ್ನ ಭಾಷಣಕ್ಕೆ ನಾನೇ ಉದಾಹರಣೆಯಾದೆನಲ್ಲ ಎಂದುಕೊಂಡಾಗ ನಗು ಬಂತು. ನಗಲು ಹೋದರೆ ವಾಂತಿ ಬಂತು.

ಕೋಲಾರದ ಆಸ್ಪತ್ರೆಯಲ್ಲಿ ಸೇರಿಸಿಕೊಂಡು ರಕ್ತ, ಮೂತ್ರ ಪರೀಕ್ಷಿಸಿ, ಸ್ಕ್ಯಾನ್ ಮಾಡಿ, ಇಂಜೆಕ್ಷನ್ ಶುರು ಮಾಡಿದರು. ಡಾಕ್ಟರ್ ಸುನಂದ ನಿಧಾನವಾಗಿ ಮಾತಾಡುವ ಹೆಂಗಸು.

"ಹಿಂದೆ ಕೊಟ್ಟ ಮಾತ್ರೆ ಪೂರ್ತಿ ತಗೊಂಡ್ರಾ?"

ಗಂಗಾಲಕ್ಷ್ಮಿ ಗೋಡೆ ನೋಡಿದಳು. "ಬಹುತೇಕ" ಎಂದಳು.

"ಅದ್ರಲ್ಲಿ ಎರಡು ನನ್ ಹೊಟ್ಟೇಲಿವೆ ಮೇಡಂ" ಎಂದು ಕದಿರೇಶ ಮುಗ್ಧವಾಗಿ ಹೇಳಿದ. "ಸೊಂಟ ಹಂಗೇ ಇದೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಸದ್ಯ, ಬೈಯಲಿಲ್ಲ. ಬೈದಿದ್ದರೆ ಬೈಗುಳದ ಮುಂದಿನ ಸಾಲು ಗಂಗಾಲಕ್ಷ್ಮಿಗೆ ಬಾಯಿಪಾಠವಿತ್ತು.

ಎರಡು ದಿನದಲ್ಲಿ ಜ್ವರ ಇಳಿಯಿತು. ಯಾವ ಮಾತ್ರೆಗೆ ಆ ಕ್ರಿಮಿ ಬಗ್ಗುತ್ತದೆ ಎನ್ನುವ ವರದಿಯೂ ಬಂತು. ಇಂಜೆಕ್ಷನ್ನೂ ಸೇರಿ ಒಟ್ಟು ಏಳು ದಿನ ಎಂದು ಡಾಕ್ಟರ್ ಹೇಳಿದಾಗ ಗಂಗಾಲಕ್ಷ್ಮಿ ಈಗ ಇನ್ನೊಂದು ದಿಕ್ಕಿಗೆ ವಾಲಿದಳು.

"ಒಂದು ತಿಂಗಳಿಗೆ ಬರ್ದುಕೊಡಿ ಮೇಡಂ. ಈ ಸಲ ಒಂದೂ ಬಿಡಲ್ಲ."

"ಹಿಂದೆ ನಾವೂ ಎರಡು ವಾರ ಕೊಡ್ತಿದ್ವಿ. ಮಾತ್ರೆ ಕ್ರಿಮಿಗೆ ಸರಿಹೊಂದಿ, ಜ್ವರ ಬೇಗ ಇಳಿದ್ರೆ ಏಳು ದಿನ ಸಾಕು ಅಂತ ಈಗ ಗೊತ್ತಾಗಿದೆ. ಕಲ್ಲಿದ್ರೆ, ಕೀವು ಕಟ್ಟಿದ್ರೆ ಬೇರೆ ಮಾತು. ನಿಮಗೆ ಅಂಥದ್ದೇನೂ ಇಲ್ಲ."

"ಹೆಚ್ಚಿಗೆ ತಗೊಂಡ್ರೆ ಇನ್ನೂ ಒಳ್ಳೇದಲ್ವಾ?"

"ಹೊಟ್ಟೆ ಕೆಡುತ್ತೆ. ಕ್ರಿಮಿಗಳೂ ಮಾತ್ರೆಗೆ ಒಗ್ಗಿಹೋಗ್ತವೆ. ಸುಮ್ನೆ ಯಾಕಮ್ಮ? ಹೇಳಿದಷ್ಟು ತಗೊಳ್ಳಿ, ಕಮ್ಮಿನೂ ಬೇಡ, ಜಾಸ್ತಿನೂ ಬೇಡ. ನೀರು ಚೆನ್ನಾಗಿ ಕುಡೀರಿ. ಮೂತ್ರ ಬಂದ್ರೆ ಕಟ್ಕೊಂಡು ಕೂರಬೇಡಿ."

ಹೊಟ್ಟೆ ತೊಳೆಸಿದರೂ ಈ ಸಲ ಊಟವಾದ ಮೇಲೆ ಒಂದೂ ಬಿಡದೆ ಮಾತ್ರೆ ನುಂಗಿದಳು. ಮುಗಿದ ಮರುದಿನ ಮೆಡಿಕಲ್ ಸ್ಟೋರಿನ ಮುಂದೆ ಹಾಯುವಾಗ ಅದೇ ಮಾತ್ರೆಯ ಇನ್ನೊಂದು ಪಟ್ಟಿ ಕೊಳ್ಳಲೇ ಎಂದು ಕಾಲು ತಡೆಯಿತು. ತನ್ನ ಡಾಕ್ಟರಿಕೆ ಇನ್ನೂ ಪೂರ್ತಿ ಬಿಟ್ಟಿಲ್ಲವೆಂದು ನಾಚಿ ಮುಂದೆ ನಡೆದಳು.

ಆಮೇಲೆ ಕದಿರೇಶನ ಜೊತೆ ಕೋಲಾರಕ್ಕೆ ತೋರಿಸಲು ಹೋದಾಗ ಡಾಕ್ಟರ್ ನೋಡಿ, "ಆರಾಮಾಗಿದ್ದೀರ, ಏನೂ ಬೇಡ" ಎಂದು ಕಳಿಸಿದರು. ಒಂದು ಟಾನಿಕ್ಕನ್ನಾದರೂ ಬರೆಯಬಾರದಿತ್ತೇ ಎಂದು ಅವಳಿಗೆ ಒಳಗೊಳಗೇ ಬೇಸರ. ಆ ಬೇಸರಕ್ಕೆ ಹೋಟೆಲಿನಲ್ಲಿ ದೋಸೆ ತಿಂದು, ಲೋಟದ ಮೇಲೆ ಲೋಟ ನೀರು ಕುಡಿದು ಮಾಲೂರಿನ ಬಸ್ಸು ಹತ್ತಿದಳು.

ಅರ್ಧ ದಾರಿಗೆ ಅವಸರವಾಯಿತು. ಬಸ್ಸಿನ ತುಂಬ ಪರಿಚಯದ ಮುಖಗಳು. ಕದಿರೇಶ, "ಮಾಲೂರು ಬಂದೇಬಿಡುತ್ತೆ, ತಡ್ಕೊಳೇ" ಎಂದು ಕಿವಿಯಲ್ಲಿ ಉಸುರಿದ.

ಗಂಗಾಲಕ್ಷ್ಮಿ ಎದ್ದು ನಿಂತಳು. "ಕಂಡಕ್ಟರಣ್ಣಾ, ಆ ಪೆಟ್ರೋಲ್ ಬಂಕ್ ಹತ್ರ ಎರಡು ನಿಮಿಷ ನಿಲ್ಸಪ್ಪಾ. ಡಾಕ್ಟ್ರು ಹೇಳವ್ರೆ!"

ಬಸ್ಸು ನಿಂತಿತು. ಅವಳ ಹಿಂದೆಯೇ ಇನ್ನೂ ನಾಲ್ಕೈದು ಹೆಂಗಸರು ಇಳಿದರು.